ಗೆಳತಿಯ ಮನೆಯ ಪಕ್ಕದ ಮನೆ

ಗೆಳತಿಯ ಹೊಸ ಮನೆಯ ವಾಸ್ತುಶಾಂತಿಯ ದಿನ ನನ್ನ ಪತಿ ಎರಡು ಗಂಟೆಗಳ ಕಾಲ ಒಮ್ಮೆಯೂ ಕೆಮ್ಮದೆ ಮಾತನಾಡಿದರು. ಪಂಕ್ತಿಯಲ್ಲಿ ಕುಳಿತು ತುಪ್ಪ ಬಡಿಸುವವರೊಂದಿಗೆ ನಗೆಯಾಡಿದರು. ಆಮೇಲೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, ಮನೆ ಕಟ್ಟಿದ ಗೌಂಡಿಯೊಂದಿಗೆ ಗಚ್ಚಿನ ಕೆಲಸ ಮೇಲೋ ಸಿಮೆಂಟಿನ ಕೆಲಸ ಮೇಲೋ ಎಂದು ವಾದ ಮಾಡಿದರು. ಅವರ ಬಾಯಿಂದ ಅಷ್ಟು ಉದ್ದದ ವಾಕ್ಯಗಳನ್ನು ಕೇಳಿ ನನಗೆ ವರ್ಷಗಳೇ ಆಗಿದ್ದವು. ಸಂತೋಷಪಡಬೇಕಾದ ಸಂಗತಿ. ನಾನಾದರೋ ಎಲೆ ಅಡಿಕೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು, ನನ್ನ ಮನೆಯಲ್ಲಿ ಸಿಗದ ಉಸಿರು ಇವರಿಗೆ ಅವಳ ಮನೆಯಲ್ಲಿ ಏಕೆ ಸಿಗಬೇಕು ಎಂದು ಯೋಚಿಸುತ್ತಿದ್ದೆ. ಆ ಯೋಚನೆಯ ಹೆಸರು ನನಗೆ ಗೊತ್ತಿತ್ತು. ಆದರೆ ಅದನ್ನು ಆ ಹೆಸರಿನಿಂದ ಕರೆಯಲು ನಾನು ಸಿದ್ಧಳಿರಲಿಲ್ಲ.

ನಮ್ಮ ಮನೆ ವಿಜಯಪುರದ ಹಳೆಯ ಕೋಟೆಗೋಡೆಯ ಒಳಗಿನ ಒಂದು ಗಲ್ಲಿಯಲ್ಲಿತ್ತು. ಎದುರು ಮನೆಯವರು ರೊಟ್ಟಿ ಬಡಿಯುವ ಸದ್ದಿಗೆ ನಾವು ಹಿಟ್ಟು ನಾದಲು ಏಳುವಷ್ಟು ಹತ್ತಿರದ ಬದುಕು. ಆಟೊ ಗಲ್ಲಿಯ ಬಾಯಲ್ಲೇ ನಿಲ್ಲುತ್ತದೆ. ನಮ್ಮ ಗೋಡೆಗೆ ಗೋಡೆ ಹಚ್ಚಿ ಒಂದು ಗಿರಣಿ ಇದೆ. ಮಳೆಗಾಲ, ಚಳಿಗಾಲಗಳಲ್ಲಿ ಜೋಳ ಗೋದಿ ಬೀಸಿಕೊಂಡು ತನ್ನ ಪಾಡಿಗೆ ತಾನಿರುವ ಅದು, ಹೋಳಿ ಹುಣ್ಣಿಮೆ ದಾಟಿತೆಂದರೆ ಖಾರ ಕುಟ್ಟಲು ಆರಂಭಿಸುತ್ತದೆ. ಇಡೀ ಓಣಿಯವರು ಮೆಣಸಿನಕಾಯಿ ಒಣಗಿಸಿ, ತೊಟ್ಟು ಬಿಡಿಸಿ, ವರ್ಷಕ್ಕಾಗುವಷ್ಟು ಖಾರಪುಡಿ ಮಾಡಿಸಿಕೊಳ್ಳುವ ಕಾಲ ಅದು. ಆ ಎರಡು ತಿಂಗಳು ನನ್ನ ಪತಿ ಮನೆಯೊಳಗೂ ಮೂಗು ಬಾಯಿಗೆ ಒದ್ದೆ ಟವೆಲು ಕಟ್ಟಿಕೊಂಡಿರುತ್ತಿದ್ದರು. ಕಾಲೇಜೊಂದರ ಗ್ರಂಥಾಲಯದಲ್ಲಿ ದುಡಿದು ಮೊದಲೇ ಧೂಳು ಕುಡಿದ ಎದೆ. ಹಿಂದಿನ ಬೇಸಿಗೆಯಲ್ಲಿ ಅವರನ್ನು ನೋಡಿದ ವೈದ್ಯರು ಔಷಧಿ ಬರೆದು, ಚೀಟಿಯನ್ನು ಕೈಗೆ ಕೊಡುವ ಮೊದಲು, ಮನೆ ಬದಲಿಸಲು ಆಗುತ್ತದೆಯೇ ಎಂದು ಕೇಳಿದ್ದರು. ನಾನು ಗಿರಣಿಯವರಿಗೆ ಎರಡು ಪುಟದ ವಿನಂತಿಪತ್ರ ಬರೆದೆ. ಉತ್ತರ ಬರಲಿಲ್ಲ.

ಗೆಳತಿಯ ಬಗೆಗೂ ಹೇಳಬೇಕು. ನಾನು ಬಬಲೇಶ್ವರದವಳು, ಅವಳು ತಿಕೋಟಾದವಳು. ಬೇರೆ ಬೇರೆ ಬಸ್ಸಿನಲ್ಲಿ ಬಂದು ವಿಜಯಪುರದ ಕಾಲೇಜಿನ ಒಂದೇ ಬೆಂಚಿನ ಮೇಲೆ ಕುಳಿತವರು. ಆಗ ಚರ್ಚಾಸ್ಪರ್ಧೆಗೆ ಪ್ರತಿ ಕಾಲೇಜಿನಿಂದ ಇಬ್ಬರನ್ನು ಕಳಿಸುವ ಪದ್ಧತಿಯಿತ್ತು: ಒಬ್ಬರು ವಿಷಯದ ಪರ, ಮತ್ತೊಬ್ಬರು ವಿರೋಧ. ಇಬ್ಬರ ಅಂಕಗಳನ್ನು ಕೂಡಿಸಿ ಪಾರಿತೋಷಕ ಕೊಡುತ್ತಿದ್ದರು. ಹಾಗಾಗಿ ವೇದಿಕೆಯ ಮೇಲೆ ನನ್ನ ವಾದವನ್ನು ಕೆಡವಲು ನಿಲ್ಲುವವಳೇ, ಮರಳುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತು ಬುತ್ತಿ ಬಿಚ್ಚುವವಳೂ ಆಗಿರುತ್ತಿದ್ದಳು. ನನಗೆ ನಿಜವೆನಿಸಿದ ಪಕ್ಷವನ್ನು ನಾನು ಮೊದಲೇ ಆರಿಸಿಕೊಳ್ಳುತ್ತಿದ್ದೆ. ಉಳಿದದ್ದು ಅವಳ ಪಾಲಿಗೆ. ಅವಳು ಎಂದೂ ಗೊಣಗಿದವಳಲ್ಲ.

"ಯಾವ ಕಡೆ ಆದ್ರೇನ ಲೇ, ಏಳು ನಿಮಿಷ ಮಾತಾಡೂದು, ಇಳಿದು ಬರೂದು" ಎನ್ನುತ್ತಿದ್ದಳು.

ಒಮ್ಮೆ ಧಾರವಾಡದಲ್ಲಿ, ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಬೇಕೆಂದು ನಾನು, ಬೇಡವೆಂದು ಅವಳು ಮಾತನಾಡಿದೆವು. ನಾನು ಮೇಜು ಗುದ್ದಿದೆ. ಅವಳು ಅಣ್ಣ ತಂಗಿಯರಿಬ್ಬರ ಒಂದು ಕಥೆ ಹೇಳಿ, ಕೊನೆಯಲ್ಲಿ ಧ್ವನಿಯನ್ನು ಇಳಿಸಿ ಕೂತಳು. ಪ್ರಥಮ ಬಹುಮಾನ ಅವಳಿಗೆ ಬಂತು, ದ್ವಿತೀಯ ನನಗೆ. ಪಾರಿತೋಷಕ ಕಾಲೇಜಿಗೆ ಬಂದಿತ್ತು, ಪ್ರಾಚಾರ್ಯರು ಇಬ್ಬರ ಬೆನ್ನನ್ನೂ ತಟ್ಟಿದ್ದರು. ಆದರೂ ಆ ದಿನ ಬಸ್ಸಿನಲ್ಲಿ ನಾನು ಅವಳ ಬುತ್ತಿಯ ಶೇಂಗಾ ಹೋಳಿಗೆ ಮುಟ್ಟಲಿಲ್ಲ. ಸತ್ಯದ ಕಡೆ ನಿಂತವಳು ನಾನು. ಅವಳು ಬರೀ ಮಾತನಾಡಿದವಳು. ಈ ಲೆಕ್ಕ ಎಲ್ಲಿ ತಪ್ಪಿತೆಂದು ಬಹಳ ವರ್ಷ ತಲೆ ಕೆಡಿಸಿಕೊಂಡೆ.

ನಾನು ಪ್ರೌಢಶಾಲೆಯ ಶಿಕ್ಷಕಿಯಾದೆ. ದಿನವೂ ಬಸ್ಸಿನಲ್ಲಿ ಬಬಲೇಶ್ವರದ ಕಡೆಗೆ ಹೋಗಿ ಬರುತ್ತೇನೆ. ಅವಳು ತಿಕೋಟಾದ ಸರಕಾರಿ ಕಚೇರಿಯೊಂದರಲ್ಲಿ ನೌಕರಿಗೆ ಸೇರಿದಳು. ಮದುವೆಯಾಗಿ ಗಲ್ಲಿಗೆ ಬಂದ ನಾನು ಅಲ್ಲಿಯ ಹೆಣ್ಣುಮಕ್ಕಳನ್ನು ಕೂಡಿಸಿ ಶನಿವಾರದ ಕೂಟ ಕಟ್ಟಿದೆ. ಓದು ಕಲಿಸಿದೆವು, ಬೀದಿ ನಲ್ಲಿಯ ಸರದಿ ಗೊತ್ತು ಮಾಡಿದೆವು, ಗಟಾರದ ಮೇಲೆ ಹಾಸುಗಲ್ಲು ಹಾಕಿಸಿದೆವು. ಸಭೆಗಳಲ್ಲಿ, ವಾಚಕರ ಪತ್ರಗಳಲ್ಲಿ ನಾನು ಬಿಡದೆ ಹೇಳುತ್ತಿದ್ದ ಮಾತೊಂದಿತ್ತು: ಊರಾಚೆ ಗೆರೆ ಎಳೆದು, ಕಂಪೌಂಡು ಕಟ್ಟಿ ಮಾಡುವ ಹೊಸ ಬಡಾವಣೆಗಳು ಉಳ್ಳವರನ್ನು ಮಾತ್ರ ಬಸಿದುಕೊಂಡು ಹೋಗುತ್ತವೆ, ಹಿಂದೂ, ಮುಸ್ಲಿಂ, ಬೌದ್ಧ, ಕೂಲಿಯವ, ನೌಕರದಾರ ಎಲ್ಲರೂ ಒಂದೇ ನಲ್ಲಿಗೆ ಕೊಡ ಹಿಡಿಯುವ ಗಲ್ಲಿಯೇ ನಿಜವಾದ ನಾಗರಿಕತೆಯ ಪಾಠಶಾಲೆ. ಇದನ್ನು ನಾನು ನಂಬಿದ್ದೆ. ಈಗಲೂ ಬಹುಪಾಲು ನಂಬುತ್ತೇನೆ. ಗೆಳತಿ ತಿಕೋಟಾ ರಸ್ತೆಯ ಲೇಔಟಿನಲ್ಲಿ ಪ್ಲಾಟು ಕೊಂಡಾಗ ನನ್ನ ನಂಬಿಕೆಗೆ ಇದ್ದಕ್ಕಿದ್ದಂತೆ ಹೊಸ ಕಸುವು ಬಂದದ್ದನ್ನೂ ಇಲ್ಲಿ ದಾಖಲಿಸಬೇಕು. ಆ ತಿಂಗಳು ನಾನು ಬಡಾವಣೆಗಳ ವಿರುದ್ಧ ಮೂರು ಕಡೆ ಭಾಷಣ ಮಾಡಿದೆ.

ಅವಳು ಆ ಮನೆಯಲ್ಲಿ ನೆಲೆಸಿ ಎರಡು ವರ್ಷವಾಗಿತ್ತು. ಸಂಕ್ರಾಂತಿ ಮುಗಿದ ವಾರದಲ್ಲಿ ಒಂದು ದಿನ ಫೋನ್ ಮಾಡಿದಳು.

"ನಮ್ಮ ಬಾಜೂ ಮನಿಯವ್ರು ವರ್ಗಾ ಆಗಿ ಹೊಂಟಾರ. ಮನಿ ಮಾರ್ತಾರಂತ. ಹೋಳಿ ಹುಣ್ಣಿವಿ ತನಕ ಯಾರಿಗೂ ಮಾತು ಕೊಡಬ್ಯಾಡ್ರಿ, ನಮ್ಮ ಗೆಳತಿಗೆ ಬೇಕಾಗೈತಿ ಅಂತ ಹೇಳಿಬಿಟ್ಟೀನಿ."

"ನನ್ನ ಕೇಳದನ ಹೇಳಿದೇನು?"

"ಕೇಳಿದ್ರ ನೀ ಭಾಷಣಾ ಚಾಲೂ ಮಾಡ್ತಿದ್ದಿ. ಅದಕ್ಕ ಮೊದಲ ಹೇಳೀನಿ. ಅವ್ರ ಎದಿ ನೋಡು, ಆಮ್ಯಾಲ ಭಾಷಣಾ ಮಾಡು."

ನಮ್ಮ ಕೈಯಲ್ಲಿ ಆಗದ ಮಾತಾಗಿರಲಿಲ್ಲ ಅದು. ಗಲ್ಲಿಯ ಮನೆಯನ್ನು ಕೊಳ್ಳಲು ಭಾವನವರ ಮಗ ಸಿದ್ಧನಿದ್ದ. ಇಬ್ಬರ ಸಂಬಳದ ಮೇಲೆ ಬ್ಯಾಂಕೂ ಸಾಲ ಕೊಡುತ್ತಿತ್ತು. ಹೀಗಾಗಿ ಅನುಕೂಲವಿಲ್ಲವೆಂಬ ನೆಪವೂ ನನಗೆ ಉಳಿದಿರಲಿಲ್ಲ. ಹೋಳಿಯ ಒಳಗೆ ಹೌದು ಇಲ್ಲವೆ ಅಲ್ಲ ಎನ್ನಬೇಕಿತ್ತು. ಹೋಳಿಯ ಮರುವಾರದಿಂದ ಗಿರಣಿಗೆ ಖಾರ ಬರುತ್ತಿತ್ತು.

ಪತಿಗೆ ವಿಷಯ ತಿಳಿಸಿದೆ. ಅವರು ಪತ್ರಿಕೆ ಮಡಚಿಟ್ಟು, "ಅಲ್ಲಿ ಗಿರಣಿ ಐತೋ ಇಲ್ಲೋ, ಅಷ್ಟ ಕೇಳಿ ಹೇಳು" ಎಂದರು.

"ಬರೇ ಗಿರಣಿ ಮ್ಯಾಲ ನಿರ್ಧಾರ ಆಗೂದಿಲ್ರಿ. ಎಲ್ಲಾ ಕಡಿಂದ ವಿಚಾರ ಮಾಡಬೇಕು."

"ಮಾಡವಾ. ನನಗೇನು, ಕೆಮ್ಮಕೋತ ಕೂಡತೇನಿ."

ನಾನು ಎಲ್ಲ ಕಡೆಯಿಂದಲೂ ವಿಚಾರ ಮಾಡಿದೆ. ಕಾಲೇಜಿನ ದಿನಗಳಂತೆ ಕಾಗದದ ನಡುವೆ ಗೆರೆ ಎಳೆದು, ಎಡಕ್ಕೆ ಪರ, ಬಲಕ್ಕೆ ವಿರೋಧ ಬರೆದೆ. ಬಲಗಡೆ ಬಡಾವಣೆಯ ಒಂದೇ ನಮೂನೆಯ ಜನ, ಕೂಟದ ಭವಿಷ್ಯ, ಗಲ್ಲಿಯ ಒಗ್ಗಟ್ಟು, ಆಡಿದ ಮಾತಿಗೆ ನಿಲ್ಲಬೇಕಾದ ಹೊಣೆ, ನಾನು ಹೋದರೆ ಇತರರಿಗೆ ಸಿಗುವ ಕೆಟ್ಟ ನಿದರ್ಶನ, ಎಲ್ಲವೂ ಒಂದರ ಹಿಂದೊಂದು ಇಳಿದು ಬಂದು ಹಾಳೆ ತುಂಬಿ ಎರಡನೆಯ ಹಾಳೆ ಬೇಕಾಯಿತು. ಎಡಗಡೆ ಒಂದೇ ಪದವಿತ್ತು: ಉಸಿರು. ಪತಿ ಕನ್ನಡಕ ಹಾಕಿಕೊಂಡು ಎರಡೂ ಹಾಳೆಗಳನ್ನು ಗ್ರಂಥಾಲಯದ ಶಿಸ್ತಿನಿಂದ ಓದಿದರು.

"ಚೊಲೋ ಬರದೀ. ಆದ್ರ ಇದರಾಗ ನಿನ್ನ ಗೆಳತಿ ಎಲ್ಲೂ ಬಂದಿಲ್ಲಲ್ಲ."

"ಆಕಿ ಯಾಕ ಬರಬೇಕು?"

"ನಾ ಏನು ಬಲ್ಲೆ. ಆಕಿ ಬಾಜೂ ಮನಿ ಅಂದಿ, ಅದಕ್ಕ ಕೇಳಿದೆ."

ಸಾಕ್ಷಿಗಾಗಿ ನಾನೇ ಲೇಔಟಿಗೆ ಹೋದೆ. ಹೋದ ಉದ್ದೇಶವನ್ನು ಮುಚ್ಚಿಡಲಾರೆ: ತಪ್ಪು ಹುಡುಕಲು ಹೋದೆ. ರಸ್ತೆಗಳು ನೆಟ್ಟಗಿದ್ದವು, ಗಟಾರಗಳು ಮುಚ್ಚಿದ್ದವು, ಎರಡೂ ಕಡೆ ಬೇವು ಹೊಂಗೆ ಆಳೆತ್ತರ ಬೆಳೆದಿದ್ದವು. ಇವು ನನಗೆ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ, ಅದನ್ನು ಚಹಾ ಬರುವುದರೊಳಗೆ ಕೇಳಿಬಿಟ್ಟೆ.

"ಇಲ್ಲೆ ಎಲ್ಲಾ ಯಾರ‍್ಯಾರು ಅದಾರ? ಒಂದ ನಮೂನಿ ಮಂದಿನ ಇರಬೇಕಲ್ಲ?"

ಗೆಳತಿ ಬಿಜ್ಜರಗಿಯ ತನ್ನ ಅಣ್ಣನ ತೋಟದ ಒಣದ್ರಾಕ್ಷಿಯ ಬಟ್ಟಲನ್ನು ನನ್ನ ಮುಂದೆ ಸರಿಸಿ ನಕ್ಕಳು. "ನೀ ಇದನ್ನ ಕೇಳ್ತಿ ಅಂತ ನನಗ ಗೊತ್ತಿತ್ತು. ಎದುರಿನವ್ರು ಅರಿವಿ ವ್ಯಾಪಾರದ ಮುಸ್ಲಿಂ ಸಾಹೇಬರು. ಹಿಂದಿನವ್ರು ಬೌದ್ಧರು, ಆ ಬಾಯಾರು ನಿನ್ನಂಗ ಟೀಚರ್ ಇದ್ರು, ರಿಟೈರ್ ಆಗ್ಯಾರ. ಮೂಲಿ ಮನಿಯವ್ರು ಅರಕೇರಿ ಕಡೆ ರೈತರು. ಇನ್ನೇನು ಬೇಕು, ಪಟ್ಟಿ ಬರದು ಕೊಡ್ಲೇನು?"

ಅವಳು ಹೇಳದೆ ಬಿಟ್ಟದ್ದನ್ನು ಆ ನಿವೃತ್ತ ಶಿಕ್ಷಕಿಯೇ ಹೇಳಿದರು. ಹಿತ್ತಲಿನ ಬಾಗಿಲಿಂದ ಕರಿಬೇವು ಕೀಳಲು ಬಂದವರು, ನಾನು ಯಾರೆಂದು ತಿಳಿದು ಕುರ್ಚಿ ಎಳೆದುಕೊಂಡು ಕುಳಿತರು. ಮೊದಲ ವರ್ಷ ಲೇಔಟಿನ ಕೆಲವರು, ನಿವಾಸಿಗಳ ಸಂಘದ ಒಪ್ಪಿಗೆಯಿಲ್ಲದೆ ಯಾರೂ ಮನೆ ಮಾರಬಾರದು, ಬಾಡಿಗೆ ಕೊಡಬಾರದು ಎಂಬ ನಿಯಮ ತರಲು ಹೊರಟಿದ್ದರಂತೆ. ಒಪ್ಪಿಗೆ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ.

"ಇವ್ರು ಏನ್ ಮಾಡಿದ್ರು ಗೊತ್ತೇನ್ರಿ? ಪಾವಕಿಲೋ ಪಾವಕಿಲೋ ದ್ರಾಕ್ಷಿ ಪುಡಿಕಿ ಕಟ್ಟಿಕೊಂಡು ಹದಿನೈದು ದಿನಾ ಮನಿ ಮನಿ ಅಡ್ಡಾಡಿದ್ರು. ಒಬ್ರ ಮುಂದೂ ಜಗಳಿಲ್ಲ. ಸಭಾ ದಿನಾ ಆ ಮಾತು ಯಾರೂ ತಗೀಲೇ ಇಲ್ಲ. ನಾವು ಅದರ ಮುಂದಿನ ತಿಂಗಳ ಬಂದ್ವಿ."

"ದ್ರಾಕ್ಷಿ ಖರ್ಚ ಆಗಬೇಕಾಗಿತ್ರಿ, ಅಣ್ಣ ಬಹಳ ಕಳಿಸಿದ್ದಾ" ಎಂದು ಗೆಳತಿ ಚಹಾದ ಕಪ್ಪು ಇಟ್ಟಳು.

ಅಲ್ಲಿಗೆ ನನ್ನ ಬಲಗಡೆಯ ಎರಡು ಹಾಳೆಗಳಲ್ಲಿ ಮೊದಲನೆಯದು ಬಿದ್ದುಹೋಯಿತು. ಮನೆಯ ವಿಸ್ತಾರವನ್ನು, ಬೇವಿನ ನೆರಳನ್ನು, ನನ್ನ ಪತಿಯ ಎದೆಗೆ ಹಿತವಾದ ಗಾಳಿಯನ್ನು ಅವಳು ಇಟ್ಟುಕೊಳ್ಳಲಿ ಎಂದು ನಾನು ಒಳಗೊಳಗೇ ಬಿಟ್ಟುಕೊಟ್ಟಿದ್ದೆ. ಅದಕ್ಕೆ ಪ್ರತಿಯಾಗಿ ನ್ಯಾಯ ನನ್ನದಾಗಿರಬೇಕಿತ್ತು. ಈಗ ಅದನ್ನೂ ಅವಳು, ನನಗೆ ಹೇಳದೆ, ಒಂದು ಪತ್ರವನ್ನೂ ಬರೆಯದೆ, ಪುಡಿಕೆ ಕಟ್ಟಿ ಮನೆಮನೆಗೆ ಹಂಚಿಬಿಟ್ಟಿದ್ದಳು. ಅವಳ ಜಾಗದಲ್ಲಿ ನಾನಿದ್ದಿದ್ದರೆ ಸಭೆಯಲ್ಲಿ ಎದ್ದು ನಿಂತು ಖಂಡಿಸುತ್ತಿದ್ದೆ, ಭಾಷಣ ಚೆನ್ನಾಗಿ ಆಗುತ್ತಿತ್ತು, ನಿಯಮವೂ ಪಾಸಾಗುತ್ತಿತ್ತು. ಇಷ್ಟು ನಿಚ್ಚಳವಾಗಿ ಕಂಡ ಮೇಲೆ ಗೌರವ ಹುಟ್ಟಬೇಕು. ನನಗೆ ಹುಟ್ಟಿದ್ದು ಹೊಟ್ಟೆಯಲ್ಲಿ ಒಂದು ಉರಿ. ಬಾಯಲ್ಲಿದ್ದ ದ್ರಾಕ್ಷಿ ಸಿಹಿಯಾಗಿತ್ತು, ಅದರ ಮೇಲೂ ಸಿಟ್ಟು ಬಂತು.

ನನ್ನಲ್ಲಿ ಇನ್ನೊಂದೇ ಬಾಣ ಉಳಿದಿತ್ತು. ಶಿಕ್ಷಕಿ ಹೋದ ಮೇಲೆ ಕೇಳಿದೆ.

"ಖರೇ ಹೇಳು. ಇಲ್ಲೆ ನಿನಗ ಬ್ಯಾಸರ ಆಗೂದಿಲ್ಲೇನ? ಮಾತಾಡಾಕ ಮಂದಿ ಇಲ್ಲ, ಗದ್ದಲ ಇಲ್ಲ..."

ಅವಳು ಒಂದು ಕ್ಷಣ ಯೋಚಿಸಿದಳು. ಆಗುತ್ತದೆ ಎನ್ನಲಿ ಎಂದು ನಾನು ಕಾಯುತ್ತಿದ್ದೆ. ಅಂದಿದ್ದರೆ ಅವಳನ್ನು ತಬ್ಬಿಕೊಳ್ಳುತ್ತಿದ್ದೆನೇನೋ.

"ಇಲ್ಲ ನೋಡು. ನಿನ್ನ ಸಲುವಾಗಿ ಸುಳ್ಳ ಹೇಳಬೇಕಂದ್ರ ಹೇಳ್ತೀನಿ. ಆದ್ರ ನನಗ ಇಲ್ಲೆ ಚೊಲೋ ಐತಿ."

ಮನೆಗೆ ಬಂದವಳೇ ನಾನು ಆ ತಪ್ಪು ಮಾಡಿದೆ. ಚರ್ಚೆಯಲ್ಲಿ ಬೆಳೆದವರು ಮಾತ್ರ ಮಾಡಬಹುದಾದ ತಪ್ಪು ಅದು. ನನ್ನ ಮನೆಯ ಪ್ರಶ್ನೆಯನ್ನು ಶನಿವಾರದ ಕೂಟದ ಮುಂದೆ ಚರ್ಚೆಗೆ ಇಡುವುದೆಂದು ನಿಶ್ಚಯಿಸಿದೆ.

ನಮ್ಮ ಕೂಟದಲ್ಲಿ ತೀರ್ಮಾನಗಳನ್ನು ಕಾಳು ಹಾಕಿ ಮಾಡುವ ರೂಢಿಯನ್ನು ನಾನೇ ತಂದಿದ್ದೆ. ಕೈ ಎತ್ತಿ ಎಂದರೆ ಸೊಸೆಯಂದಿರು ಅತ್ತೆಯ ಮುಖ ನೋಡಿ ಕೈ ಎತ್ತುತ್ತಿದ್ದರು. ಅದಕ್ಕೆ ಎಲ್ಲರಿಗೂ ಒಂದು ಜೋಳದ ಕಾಳು, ಒಂದು ತೊಗರಿ ಕಾಳು ಕೊಟ್ಟು, ಸೆರಗಿನ ಮರೆಯಲ್ಲಿ ಒಂದನ್ನು ಗಡಿಗೆಗೆ ಹಾಕಿಸುತ್ತಿದ್ದೆವು. ಜೋಳವೆಂದರೆ ಹೌದು, ತೊಗರಿಯೆಂದರೆ ಅಲ್ಲ. ಈ ಬಾರಿ ಜೋಳ ಬಿದ್ದರೆ ನಾವು ಲೇಔಟಿಗೆ ಹೋಗುವುದು, ತೊಗರಿ ಬಿದ್ದರೆ ಉಳಿಯುವುದು. ಹೋಗುವುದಕ್ಕೆ ವಿರೋಧವಾಗಿ ನಾನು ಮಾತನಾಡುತ್ತೇನೆ, ಪರವಾಗಿ ಗೆಳತಿ ಬಂದು ಮಾತನಾಡಲಿ ಎಂದೆ. ಅವಳು ಸೋಲುತ್ತಾಳೆಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಇದು ನಾನು ಕಟ್ಟಿದ ಕೂಟ, ಇವರು ನನ್ನ ಹೆಣ್ಣುಮಕ್ಕಳು. ಅವರು ಬಿಕ್ಕುತ್ತಾ ನನ್ನನ್ನು ತಡೆಯುತ್ತಾರೆ. ನಾನು ಜನಮತಕ್ಕೆ ತಲೆಬಾಗಿ ಉಳಿಯುತ್ತೇನೆ. ಪತಿಯೂ ಗೆಳತಿಯೂ ಅದಕ್ಕೆ ಎದುರು ಹೇಳಲಾರರು. ಯೋಜನೆ ನನಗೆ ಬಹಳ ಉದಾತ್ತವಾಗಿ ಕಂಡಿತು.

ಪತಿ ಮಾತ್ರ ಒಗೆದ ಟವೆಲು ಹಿಂಡುತ್ತಾ, "ನನ್ನ ಎದಿ ಮ್ಯಾಲ ಮಂದಿ ಕಡಿಂದ ಕಾಳು ಹಾಕಸಾಕತ್ತೀಯಲ್ಲ" ಎಂದರು.

"ಎಲ್ಲಾರ ವಿಚಾರ ಕೇಳಿದ್ರ ತಪ್ಪೇನ್ರಿ?"

"ತಪ್ಪಿಲ್ಲ. ಗೆದ್ದ ಮ್ಯಾಲ ಏನು ಹೇಳಬೇಕು ಅನ್ನೂದನ್ನೂ ಬರದಿಟ್ಟೀಯೋ ಏನ?"

ಬರೆದಿಟ್ಟಿದ್ದೆ. ಕೃತಜ್ಞತೆಯ ನಾಲ್ಕು ಸಾಲು.

ಆ ಶನಿವಾರ ಸಂಜೆ ಗಿರಣಿಯ ಮುಂದಿನ ಕಟ್ಟೆಯ ಮೇಲೆ, ಮೆಟ್ಟಿಲುಗಳ ಮೇಲೆ, ಚಾಪೆಗಳ ಮೇಲೆ ಇಪ್ಪತ್ತೊಂದು ಜನ ಸೇರಿದರು. ನಾನು ನಿಂತು ಮಾತನಾಡಿದೆ. ಒಳ್ಳೆಯ ಭಾಷಣವೆಂದು ಇಂದಿಗೂ ಅನ್ನಬಲ್ಲೆ. ಗಲ್ಲಿಯೆಂದರೆ ಕಲ್ಲು ಮಣ್ಣಲ್ಲ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರ ಬಾಗಿಲು ತೆರೆಯುವ ಒಡಂಬಡಿಕೆ ಎಂದೆ. ಓದು ಬಲ್ಲವರು, ಅರ್ಜಿ ಬರೆಯಬಲ್ಲವರು ಒಬ್ಬೊಬ್ಬರಾಗಿ ಎದ್ದು ಹೋದರೆ ಉಳಿದವರ ಗತಿಯೇನು ಎಂದೆ. ಕೆಲವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗೆಳತಿ ಗೋಡೆಗೆ ಒರಗಿ ಕಾಲು ಚಾಚಿ ಕುಳಿತು, ಪಕ್ಕದವರ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳುತ್ತಿದ್ದಳು. ಅವಳ ಸರದಿ ಬಂದಾಗ ಏಳಲೂ ಇಲ್ಲ.

"ನಾ ಏನ್ ಹೇಳ್ಲೆವಾ. ಅಕ್ಕಾರು ಹೇಳಿದ್ದೆಲ್ಲಾ ಖರೇ ಐತಿ. ಖಾರದ ದಿವಸದಾಗ ಅವ್ರ ಯಜಮಾನರು ಹ್ಯಾಂಗ ಕೆಮ್ಮತಾರ, ನೀವೆಲ್ಲಾ ಗ್ವಾಡಿಗೆ ಗ್ವಾಡಿ ಇದ್ದವ್ರು, ನನ್ನಕಿಂತ ನಿಮಗ ಗೊತ್ತೈತಿ. ಅಷ್ಟ."

ಗಡಿಗೆ ಕೈಯಿಂದ ಕೈಗೆ ಹೋಗಿ ಮರಳಿ ಬಂತು. ನಾನೇ ಅದನ್ನು ಹಿಟ್ಟು ನಾದುವ ಪರಾತದಲ್ಲಿ ಬೋರಲು ಹಾಕಿದೆ. ಪರಾತದ ತುಂಬ ಬಿಳಿ ಜೋಳ. ಅದರ ನಡುವೆ ಎರಡೇ ಎರಡು ತೊಗರಿ ಕಾಳು. ಅವುಗಳಲ್ಲಿ ಒಂದು ನನ್ನದು.

ಗಿರಣಿಯವನ ಹೆಂಡತಿ, ಯಾರೂ ಕೇಳುವ ಮೊದಲೇ, ಕೈ ಎತ್ತಿದಳು. "ಒಂದ ತೊಗರಿ ನಾ ಹಾಕೀನ್ರಿ ಅಕ್ಕಾರ. ಮನಸಿನ್ಯಾಗ ಏನೂ ಇಟಗೋಬ್ಯಾಡ್ರಿ. ನೀವು ಹೋದ್ರ, ಗಿರಣಿಯವ್ರ ಕಾಟಕ್ಕ ಅಕ್ಕಾರು ಮನಿ ಬಿಟ್ರು ಅಂತ ಮಂದಿ ನಮಗ ಅಂತಾರ. ಅದಕ್ಕ ಹಾಕೀನಿ, ನಿಮ್ಮ ಮ್ಯಾಲಿನ ಪಿರೂತಿಗಲ್ಲ."

ನಕ್ಕರು. ಹೆಣ್ಣುಮಕ್ಕಳೆಲ್ಲ ನಕ್ಕಮೇಲೆ ಮಾತು ಬಿಚ್ಚಿಕೊಂಡಿತು.

"ಅಕ್ಕಾರ, ನಮಗ ಸಿಕ್ಕಿದ್ರ ನಾವು ಹಿಂಗ ಗಡಗಿ ಹಿಡಕೊಂಡು ಕೂಡತಿದ್ದಿಲ್ಲ. ಇಷ್ಟೊತ್ತಿಗೆ ಭಾಂಡಿ ಹೇರತಿದ್ವಿ."

"ಹೌದಲ್ಲ. ಅಲ್ಲೆ ನಲ್ಲಿ ಮನಿ ಒಳಗ ಬರ್ತೈತಂತ."

"ಆದ್ರ ಅಕ್ಕಾರ, ಅಳೂ ಹಂಗ ಚೊಲೋ ಮಾತಾಡಿದ್ರಿ" ಎಂದಳು ಕಣ್ಣು ಒರೆಸಿಕೊಂಡಿದ್ದ ಒಬ್ಬಳು.

"ಮತ್ತ ಜ್ವಾಳಾ ಯಾಕ ಹಾಕಿದಿ?" ಎಂದೆ.

"ಅಳೂದು ಬ್ಯಾರೆ, ಕಾಳು ಬ್ಯಾರೆ ಅಂತ ನೀವ ಅಲ್ರಿ ಕಲಿಸಿದವ್ರು?"

ಇಪ್ಪತ್ತು ವರ್ಷ ಕೂಟಕ್ಕೆ ತಪ್ಪದೆ ಬಂದಿದ್ದ ಹಿರಿಯ ಮುಸ್ಲಿಂ ಹೆಂಗಸೊಬ್ಬರು, ನಾವೆಲ್ಲ ಅವರನ್ನು ಬಡೀಮಾ ಎನ್ನುತ್ತಿದ್ದೆವು, ನನ್ನ ಕೈ ಹಿಡಿದು ಸಮಾಧಾನ ಹೇಳಿದರು. "ಕೂಟದ ಚಿಂತಿ ಮಾಡಬ್ಯಾಡ ಬೇಟಾ. ಗಡಗಿ ಐತಿ, ಕಾಳು ಅದಾವು, ಅರ್ಜಿ ಬರ್ಯಾಕ ನನ್ನ ಮೊಮ್ಮಗಳು ಕಲತಾಳ. ಶನಿವಾರ ಬಸ್ ಹತ್ತಿ ಬಾ. ಬರಾಕ ಆಗಲಿಲ್ಲಂದ್ರೂ ನಡೀತೈತಿ."

ನಡೆಯುತ್ತದೆ ಎಂಬ ಆ ಮಾತು ನನ್ನ ಇಪ್ಪತ್ತು ವರ್ಷದ ದುಡಿಮೆಗೆ ಸಿಕ್ಕ ಅತಿ ದೊಡ್ಡ ಪ್ರಶಂಸೆ ಎಂಬುದು ಈಗ ಬರೆಯುವಾಗ ತಿಳಿಯುತ್ತದೆ. ಆಗ ತಿಳಿಯಲಿಲ್ಲ. ಆಗ ನಾನು ನೋಡುತ್ತಿದ್ದದ್ದು, ಚಾಪೆ ಮಡಚುವ ಹೊತ್ತಿಗೆ ಹತ್ತು ಹನ್ನೆರಡು ಜನ ಗೆಳತಿಯನ್ನು ಸುತ್ತುಗಟ್ಟಿದ್ದನ್ನು. ಒಬ್ಬಳು ತನ್ನ ಪಿಂಚಣಿ ಕಾಗದ ತೋರಿಸುತ್ತಿದ್ದಳು. ಗಿರಣಿಯವನ ಹೆಂಡತಿ ಅವಳ ಜೊತೆ ತಗ್ಗಿದ ದನಿಯಲ್ಲಿ ಏನೋ ಮಾತನಾಡಿ, ಹೋಗುವಾಗ ನನ್ನ ಕಡೆ ತಿರುಗಿದಳು.

"ಈ ಬಾಯಾರು ಕೇಳಾಕತ್ತಾರ, ಖಾರಾ ಮುಂಜಾನಿ ಅಷ್ಟ ಕುಟ್ಟಾಕ ಬರ್ತೈತೇನು ಅಂತ. ಮಾಡಾಕ ಬರ್ತೈತ್ರಿ. ನೀವು ಹೋಗೂತನಾ ಹಂಗ ಮಾಡ್ತೀವಿ."

"ನಾ ಪತ್ರ ಬರದಿದ್ದೆನಲ್ಲ."

"ಬರದಿದ್ರಿ. ಅದನ್ನ ಓದಿಸಿದ್ವಿ, ಏನೋ ಕಾಯದೆ ಮಾತಿತ್ತು, ಹೆದರಿ ಪೆಟಗ್ಯಾಗ ಇಟ್ಟೀವಿ. ಕರದು ಒಂದ ಮಾತ ಕೇಳೀರೇನು?"

ನಾನು ಕೇಳಿರಲಿಲ್ಲ. ಗೋಡೆಯ ಈ ಕಡೆಯಿಂದ ಅಂಚೆಯಲ್ಲಿ ಪತ್ರ ಕಳಿಸಿದ್ದೆ.

ಹೋಳಿಗೆ ಮೂರು ದಿನ ಇದ್ದಂತೆ, ರವಿವಾರ ಮುಂಜಾನೆ, ಪತಿ ಮತ್ತು ನಾನು ಮಾತು ಕೊಡಲೆಂದು ಲೇಔಟಿಗೆ ಹೋದೆವು. ಕಾಳಿನ ತೀರ್ಮಾನವನ್ನು ಮೀರುವ ಧೈರ್ಯ ನನಗಿರಲಿಲ್ಲ. ರೂಢಿ ತಂದವಳೇ ನಾನು. ಪಕ್ಕದ ಮನೆಯವರು ಆಗಲೇ ಸಾಮಾನು ಸಾಗಿಸಿದ್ದರು, ಬೀಗದ ಕೈ ಗೆಳತಿಯ ಬಳಿ ಇತ್ತು. ಪೂರ್ವಕ್ಕೆ ಮುಖ, ಗಾಳಿ ಬೆಳಕು, ಎರಡು ಕೋಣೆ, ಹಿಂದೆ ಒಂದು ನಿಂಬೆ ಗಿಡ. ಪತಿ ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ ಬಂದರು, ದಮ್ಮು ಹತ್ತಲಿಲ್ಲ. ನಾನು ಅಡುಗೆಮನೆಗೆ ಹೋದೆ. ಒಲೆಯ ಕಟ್ಟೆಯ ಮುಂದಿನ ಕಿಟಕಿ ತೆರೆದರೆ ಹತ್ತು ಅಡಿಯ ಆಚೆ ಗೆಳತಿಯ ಅಡುಗೆಮನೆಯ ಕಿಟಕಿ. ಅದರೊಳಗೆ ಸಾಲಾಗಿ ಜೋಡಿಸಿದ ಡಬ್ಬಿಗಳು, ತೊಳೆದಿಟ್ಟ ಬುಟ್ಟಿ, ಗೋಡೆಗೆ ಒರಗಿಸಿದ ಪರಾತ. ಎಲ್ಲವೂ ಇರಬೇಕಾದ ಜಾಗದಲ್ಲಿ. ದಿನವೂ ನಸುಕಿನಲ್ಲಿ ಎದ್ದು ರೊಟ್ಟಿ ತಟ್ಟುವಾಗ ನನ್ನ ಕಣ್ಣ ಮುಂದೆ ಇವಳಿರುತ್ತಾಳೆ. ಅವಸರವಿಲ್ಲದೆ, ಧ್ವನಿ ಎತ್ತದೆ, ನನಗಿಂತ ಮೊದಲೇ ಎಲ್ಲವನ್ನೂ ಮುಗಿಸಿ. ನಾನು ಕಿಟಕಿ ಮುಚ್ಚಿ ಹೊರಗೆ ಬಂದೆ.

ಪತಿ ಅಷ್ಟರಲ್ಲಿ ರಸ್ತೆಯ ಉದ್ದಕ್ಕೂ ಅ‍ಡ್ಡಾಡಿ ಬಂದು, ನಾಲ್ಕನೆಯ ರಸ್ತೆಯಲ್ಲಿ ಇನ್ನೊಂದು ಮನೆಗೂ ಮಾರಾಟದ ಬೋರ್ಡು ಹಚ್ಚಿದ್ದಾರೆಂದು ಸುಮ್ಮನೆ ಸುದ್ದಿ ಹೇಳಿದರು. ನಾನು ಆ ಸುದ್ದಿಯನ್ನು ಹಗ್ಗದಂತೆ ಹಿಡಿದುಕೊಂಡೆ. ಮೂವರೂ ಹೋಗಿ ನೋಡಿದೆವು. ಪಶ್ಚಿಮಕ್ಕೆ ಮುಖ, ಸಣ್ಣ ಅಂಗಳ, ಮುಂದೆ ಒಂದು ಗಿಡವೂ ಇಲ್ಲ, ಗೋಡೆಗೆ ಕೈ ಇಟ್ಟರೆ ಹಿಂದಿನ ದಿನದ ಬಿಸಿಲು ಇನ್ನೂ ಆರಿರಲಿಲ್ಲ.

"ನಮಗ ಇದ ಸಾಕು" ಎಂದೆ. ಇಬ್ಬರಿಗೆ ದೊಡ್ಡ ಮನೆ ಏಕೆ, ಅಗತ್ಯಕ್ಕಿಂತ ಹೆಚ್ಚಿನದನ್ನು ಹಿಡಿದಿಡುವುದು ಸರಿಯೇ, ಆ ಮನೆ ಮಕ್ಕಳಿರುವ ಸಂಸಾರಕ್ಕೆ ಸಿಗಲಿ ಎಂದು ಮೂರು ನಿಮಿಷ ಮಾತನಾಡಿದೆ.

ಗೆಳತಿ ಕೇಳಿಸಿಕೊಂಡಳು. "ಮಧ್ಯಾಹ್ನ ಮ್ಯಾಲ ಇದು ಹಂಚ ಆಗ್ತೈತಿ. ಬ್ಯಾಸಗ್ಯಾಗ ಒಳಗ ಕೂಡಾಕ ಆಗೂದಿಲ್ಲ. ಭಾಷಣಾ ಬಿಡು ಲೇ. ಬಾಜೂ ಮನಿ ಯಾಕ ಬ್ಯಾಡ, ಅದನ್ನ ಹೇಳು."

ಪತಿ ಗೇಟಿನ ಕೊಂಡಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನನ್ನ ಬಳಿ ವಾದಗಳು ಇನ್ನೂ ಇದ್ದವು, ಒಂದೊಂದಾಗಿ ಎತ್ತಿ ನೋಡಿದೆ, ಯಾವುದನ್ನೂ ಅವಳ ಮುಖ ನೋಡಿ ಹೇಳಲು ಬರುವಂತಿರಲಿಲ್ಲ.

"ದಿನಾ ಮುಂಜಾನೆದ್ದು ನಿನ್ನ ನೋಡಾಕ ನನ್ನಿಂದ ಆಗೂದಿಲ್ಲ" ಎಂದೆ. "ನೀ ಎಲ್ಲಾದ್ರಾಗೂ ಚೊಲೋ ಅದೀ. ಅದು ನನಗ ತಡಕೊಳ್ಳಾಕ ಆಗೂದಿಲ್ಲ. ಮೊದಲಿಂದನೂ ಆಗಿಲ್ಲ."

ಅವಳು ನಗಲಿಲ್ಲ, ಛೇ ಎನ್ನಲಿಲ್ಲ, ನಿನ್ನನ್ನು ಕಂಡರೆ ನನಗೂ ಹಾಗೆಯೇ ಎಂಬ ಸುಳ್ಳನ್ನು ಹೇಳಿ ನನ್ನನ್ನು ಹಗುರ ಮಾಡಲೂ ಇಲ್ಲ. ಬೋರ್ಡಿನ ಮೇಲಿದ್ದ ನಂಬರನ್ನು ಓದಿಕೊಂಡು ಫೋನ್ ತೆಗೆದಳು.

"ಆತು. ಇದ ಇರಲಿ. ಇಲ್ಲಿಂದ ನನ್ನ ಮನಿ ಕಾಣೂದಿಲ್ಲ."

ಮನೆಯ ಮಾಲೀಕರೊಂದಿಗೆ ಅವಳೇ ಮಾತನಾಡಿದಳು, ಅವರನ್ನು ಹೋಳಿಯ ಒಳಗೇ ಕರಾರಿಗೆ ಬರಲು ಒಪ್ಪಿಸಿದಳು, ಕಿಟಕಿಗಳಿಗೆ ಬಿಸಿಲುಪರದೆ ಹಾಕಿಸಿಕೊಡಬೇಕೆಂಬುದನ್ನೂ ಮಾತಿನ ನಡುವೆ ಸೇರಿಸಿದಳು. ನಾನು ಅಂಗಳದ ಕಲ್ಲಿನ ಮೇಲೆ ಕುಳಿತು, ಅವಳು ಅದನ್ನೆಲ್ಲ ಎಷ್ಟು ಸರಾಗವಾಗಿ ಮಾಡುತ್ತಾಳೆಂಬುದನ್ನು ನೋಡುತ್ತಿದ್ದೆ. ಅವಮಾನವಾಗಬೇಕಿತ್ತು, ಆಗಿತ್ತು ಕೂಡ. ಆದರೆ ಅದಕ್ಕಿಂತ ಮುಂದೆ ನಿಂತದ್ದು ಅದೇ ಹಳೆಯ ಉರಿ. ಇಂಥ ಮಾತನ್ನು ನನಗೆ ಯಾರಾದರೂ ಹೇಳಿದ್ದರೆ ನಾನು ಇಷ್ಟು ಸಮಾಧಾನದಿಂದ ಫೋನಿನ ಗುಂಡಿ ಒತ್ತುತ್ತಿದ್ದೆನೇ?

ಯುಗಾದಿಗೆ ಮೊದಲು ನಾವು ಆ ಮನೆಗೆ ಬಂದೆವು. ಮೂರು ಗಂಟೆಯಾದರೆ ಬಿಸಿಲು ಬಾಗಿಲು ದಾಟಿ ಅಡುಗೆಮನೆಯ ತನಕ ಬರುತ್ತದೆ. ಪತಿ ಚಾಪೆಯನ್ನು ಎಳೆದುಕೊಂಡು ನೆರಳಿನ ಹಿಂದೆ ಹಿಂದೆ ಸರಿಯುತ್ತಾ, ಪತ್ರಿಕೆಯ ಸುದ್ದಿಯನ್ನು ಉದ್ದುದ್ದ ವಾಕ್ಯಗಳಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಾರೆ. ಪೂರ್ವಕ್ಕೆ ಮುಖವಿರುವ ಮನೆಯನ್ನು ಮಮದಾಪುರದ ಕಡೆಯ ದಂಪತಿಗಳು ಕೊಂಡರು. ಆ ಹೆಣ್ಣುಮಗಳಿಗೂ ನನ್ನ ಗೆಳತಿಗೂ ಈಗ ಒಳ್ಳೆಯ ಒಡನಾಟವಿದೆ ಎಂದು ಕೇಳಿದ್ದೇನೆ. ಆ ಹೊಸಬಳು ಹೇಗಿದ್ದಾಳೆ, ಏನು ಮಾತನಾಡುತ್ತಾಳೆ ಎಂದು, ಸಂಜೆ ಆ ಕಡೆ ಅಡ್ಡಾಡಿ ಬರುವ ಪತಿಯನ್ನು ಎರಡು ಬಾರಿ ಕೇಳಿದೆ. ಮೂರನೆಯ ಬಾರಿ ಅವರು, ಹೋಗಿ ನೀನೇ ನೋಡಿ ಬಾ ಎಂದರು.